ಕಾರವಾರದ ಉಪ್ಪುಗಾಳಿಯಲ್ಲಿ ನಾಲ್ಕು ಪಿಸಿಗಳ ಕ್ಲಸ್ಟರ್

ಸೂಪರ್‌ಕಂಪ್ಯೂಟರ್ ಅಂದರೆ ಒಂದೇ ದೈತ್ಯ ಪ್ರೊಸೆಸರ್ ಎಂಬ ಕಲ್ಪನೆ 1964ರ ಸಿಡಿಸಿ 6600, 1976ರ ಕ್ರೇ-1ರ ಕಾಲಕ್ಕೆ ಹೆಚ್ಚುಕಡಿಮೆ ಸರಿಯಿತ್ತು. ಪುಣೆಯ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ 1991ರಲ್ಲಿ ಪರಮ್ 8000 ಕಟ್ಟಿದ್ದೇ ಹಲವು ಚಿಪ್‌ಗಳನ್ನು ಒಟ್ಟಿಗೆ ದುಡಿಸಿ. 1994ರಲ್ಲಿ ನಾಸಾದ ಸ್ಟರ್ಲಿಂಗ್ ಮತ್ತು ಬೆಕರ್ 16 ಮಾಮೂಲಿ 486 ಪಿಸಿಗಳನ್ನು ಈಥರ್‌ನೆಟ್‌ನಲ್ಲಿ ಬೆಸೆದು ‘ಬೇವುಲ್ಫ್’ ಮಾಡಿದರು. ಕಾಲೇಜಿನ ಲ್ಯಾಬಿನಲ್ಲಿ ಮೂಲೆಗೆ ಸೇರಿದ ಪಿಸಿಗಳಿಗೂ ಅದೇ ದಾರಿ: ಬೆಸೆದು ಒಂದೇ ಯಂತ್ರದಂತೆ ದುಡಿಸುವ ಈ ಗುಂಪೇ ಕ್ಲಸ್ಟರ್. ಇಲ್ಲಿ ವೇಗ ನಿಂತಿರುವುದು ಜೋಡಣೆಯ ಮೇಲೆ.

ಬೇಕಾದದ್ದು: ಒಂದೇ ಮಾದರಿಯ ನಾಲ್ಕು ಪಿಸಿ (4 ಕೋರ್, 8 ಜಿಬಿ ರ್‍ಯಾಮ್), 8 ಪೋರ್ಟಿನ ಗಿಗಾಬಿಟ್ ಸ್ವಿಚ್, ಕ್ಯಾಟ್ 6 ಕೇಬಲ್, ಯುಪಿಎಸ್. ನಾಲ್ಕರಲ್ಲೂ ಡೆಬಿಯನ್ ಲಿನಕ್ಸ್‌ನ ಒಂದೇ ಆವೃತ್ತಿ ಹಾಕಿ, 192.168.10.1ರಿಂದ 4ರವರೆಗೆ ಸ್ಥಿರ ವಿಳಾಸ ಕೊಡಿ. ಹೋಸ್ಟ್ಸ್ ಫೈಲಿನಲ್ಲಿ (ಯಂತ್ರಗಳ ಹೆಸರು-ವಿಳಾಸದ ಪಟ್ಟಿ) 127.0.1.1ರ ಮುಂದೆ ಯಂತ್ರದ ಹೆಸರಿದ್ದರೆ ತೆಗೆಯಿರಿ. ಇಲ್ಲದಿದ್ದರೆ ಎಂಪಿಐ (ಯಂತ್ರಗಳ ನಡುವೆ ಸಂದೇಶ ಸಾಗಿಸುವ ವ್ಯವಸ್ಥೆ) ತನ್ನನ್ನೇ ಹುಡುಕುತ್ತಾ ಕೂರುತ್ತದೆ. ಬಳಕೆದಾರನ ಹೆಸರು, ಯುಐಡಿ (ಬಳಕೆದಾರನ ಸಂಖ್ಯೆ) ಎಲ್ಲೆಡೆ ಒಂದೇ ಇರಲಿ. ಯುಐಡಿ ಬೇರೆಯಾದರೆ ಎನ್‌ಎಫ್‌ಎಸ್ (ನೆಟ್‌ವರ್ಕಿನಲ್ಲಿ ಎಲ್ಲರೂ ಹಂಚಿಕೊಳ್ಳುವ) ಫೋಲ್ಡರ್‌ನಲ್ಲಿ ಬರೆಯಲು ಅನುಮತಿ ಸಿಗದು. ಪಾಸ್‌ವರ್ಡ್ ಕೇಳದಂತೆ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತ ಲಾಗಿನ್) ಕೀ ಹಂಚಿ, ಓಪನ್ ಎಂಪಿಐ ಹಾಕಿ. ಕೆಲಸ ಶುರುವಾಗಿ ಅಲ್ಲೇ ನಿಂತುಬಿಟ್ಟರೆ ಮೊದಲ ಅನುಮಾನ ಫೈರ್‌ವಾಲ್ ಮೇಲಿರಲಿ.

ಕರಾವಳಿಯ ನಿಜವಾದ ಪೀಡೆ ಕೇಬಲಿನ ತುದಿಯಲ್ಲಿದೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು. ಉಪ್ಪುಗಾಳಿಗೆ ಆರ್‌ಜೆ45 ಕನೆಕ್ಟರಿನ ಒಂದು ಪಿನ್ ಕಿಲುಬು ಹಿಡಿದರೂ ಲಿಂಕ್ ಸದ್ದಿಲ್ಲದೆ 100 ಎಂಬಿಪಿಎಸ್‌ಗೆ ಇಳಿಯಬಹುದು. ಸ್ವಿಚ್ಚಿನ ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಉಳಿದ ಮೂರೂ ಪಿಸಿಗಳು ನಿಧಾನವಾದ ಆ ಒಂದಕ್ಕೇ ಕಾಯುತ್ತವೆ. ಪ್ರತಿ ಯಂತ್ರದಲ್ಲೂ ‘ಈಥ್‌ಟೂಲ್’ (ಲಿಂಕಿನ ವೇಗ ತೋರಿಸುವ ಆಜ್ಞೆ) ಓಡಿಸಿ 1000 ಇದೆಯೇ ನೋಡಿ. ಇಲ್ಲದಿದ್ದರೆ ತುದಿ ಕತ್ತರಿಸಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿ. ತಿಕ್ಕಿ ಸರಿಮಾಡಿದ್ದು ಮುಂದಿನ ಮಳೆಗಾಲದವರೆಗೂ ಬಾಳುವುದಿಲ್ಲ. ಎಸಿಯಲ್ಲಿ ತಣ್ಣಗಾದ ಲ್ಯಾಬಿನ ಕಿಟಕಿಯನ್ನು ಜುಲೈನಲ್ಲಿ ತೆರೆಯಬೇಡಿ, ತಂಪಾದ ಲೋಹದ ಮೇಲೆ ನೀರು ಕೂರುತ್ತದೆ. ಘಟ್ಟದ ಮೇಲೆ ಶಿರಸಿಯಲ್ಲಾದರೆ ಉಪ್ಪಿನ ಕಾಟವಿಲ್ಲ, ತೇವ ಮಾತ್ರ ಬಿಡದು.

ಕ್ಲಸ್ಟರಿನ ವೇಗ ಅಳೆಯಲು ಎಚ್‌ಪಿಎಲ್ ಬಳಸಿ. ಅದು ಲಿನ್‌ಪ್ಯಾಕ್ ಎಂಬ ಸಮೀಕರಣ ಬಿಡಿಸುವ ಲೆಕ್ಕ ಮಾಡಿಸುವ ಪ್ರೋಗ್ರಾಂ. ಜಗತ್ತಿನ ಅತಿವೇಗದ ಸೂಪರ್‌ಕಂಪ್ಯೂಟರ್‌ಗಳ ಟಾಪ್500 ಪಟ್ಟಿಯೂ 1993ರಿಂದ ಲಿನ್‌ಪ್ಯಾಕ್ ಲೆಕ್ಕದ ಮೇಲೆಯೇ ನಿಂತಿದೆ. ಮ್ಯಾಟ್ರಿಕ್ಸ್ ಒಟ್ಟು ರ್‍ಯಾಮಿನ ಶೇ. 80ರಷ್ಟನ್ನು ತುಂಬಲಿ: 32 ಜಿಬಿಗೆ ಎನ್ (ಮ್ಯಾಟ್ರಿಕ್ಸಿನ ಅಳತೆ) 56,448, ಎನ್‌ಬಿ (ತುಂಡಿನ ಅಳತೆ) 192, ಪಿ ಮತ್ತು ಕ್ಯೂ (ಕೋರ್‌ಗಳ ಸಾಲು, ಕಂಬ) ತಲಾ 4. ಎನ್ ಇನ್ನೂ ಹಿಗ್ಗಿಸಿದರೆ ಸ್ವಾಪ್ (ಮೆಮೊರಿ ಸಾಲದೆ ಡಿಸ್ಕಿಗೆ ಬರೆಯುವುದು) ಶುರುವಾಗಿ ಯಂತ್ರ ತೆವಳುತ್ತದೆ. ಫಲಿತಾಂಶ ತೀರಾ ಕಡಿಮೆ ಬಂದರೆ ಎರಡೆರಡೇ ಪಿಸಿಗಳನ್ನು ಜೋಡಿ ಬದಲಿಸಿ ಓಡಿಸಿ. ಯಾವುದು ಸೇರಿದಾಗಲೆಲ್ಲ ಅಂಕಿ ಕುಸಿಯುತ್ತದೋ, ಅದರ ಕೇಬಲ್ ಮೊದಲು ಬದಲಿಸಿ.