ಪಿಕಪ್‌ನಲ್ಲೇ ಗಾಳಿ ಪಂಪು: ಕೂರಿಸುವುದು ಹೇಗೆ?

ಮಳೆಗಾಲದಲ್ಲಿ ತೋಟದ ಕೆಸರು ದಾರಿಗೆ ಪಿಕಪ್ ಇಳಿಸುವವರಿಗೆ ಗೊತ್ತಿರುವ ಉಪಾಯವೊಂದಿದೆ. ಟೈರಿನ ಗಾಳಿಯನ್ನು 32 ಪಿಎಸ್‌ಐನಿಂದ 20ರ ಆಸುಪಾಸಿಗೆ ಇಳಿಸಿದರೆ ಚಕ್ರಕ್ಕೆ ಹಿಡಿತ ಸಿಗುತ್ತದೆ. ಆದರೆ ಡಾಂಬರು ರಸ್ತೆಗೆ ಬಂದ ಮೇಲೆ ಮತ್ತೆ ಗಾಳಿ ತುಂಬಲೇಬೇಕು. ಲಾರಿಯವರಿಗೆ ಈ ತಲೆನೋವಿಲ್ಲ. ಏರ್ ಬ್ರೇಕಿಗೆಂದು ಅವರ ಎಂಜಿನ್ನಿನಲ್ಲೇ ಕಂಪ್ರೆಸರ್ ಇರುತ್ತದೆ. ಪಿಕಪ್‌ನದು ಹೈಡ್ರಾಲಿಕ್ ಬ್ರೇಕ್. ಹಾಗಾಗಿ 12 ವೋಲ್ಟ್ ಕಂಪ್ರೆಸರನ್ನು ನಾವೇ ಕೂರಿಸಿಕೊಳ್ಳಬೇಕು.

ಯಾವ ಕಂಪನಿಯದು ಒಳ್ಳೆಯದು ಎಂಬ ಚರ್ಚೆಗೆ ಕೊನೆಯಿಲ್ಲ. ನಿಜವಾಗಿ ಕೆಲಸ ಕೆಡುವುದು ಜಾಗದ ಆಯ್ಕೆಯಲ್ಲಿ ಮತ್ತು ತಂತಿಯಲ್ಲಿ.

<b>ಜಾಗ</b>

ಬಾನೆಟ್ಟಿನ ಕೆಳಗೆ ಕೂರಿಸಿದರೆ ಬ್ಯಾಟರಿ ಹತ್ತಿರ, ಆದರೆ ಬಿಸಿ ಹೆಚ್ಚು. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈಲಕ್ಸ್‌ನಂಥ ಟರ್ಬೊ ಡೀಸೆಲ್ ಗಾಡಿಯಲ್ಲಿ ಟರ್ಬೊ, ಎಕ್ಸಾಸ್ಟ್ ಇರುವ ಬದಿಯಿಂದ ದೂರವಿಡಿ. ಚಾಸಿಯ ಪಕ್ಕದಲ್ಲಿ ಜಾಗ ಧಾರಾಳವಾಗಿದೆ, ಕೆಸರು ನೀರೂ ಅಷ್ಟೇ ಧಾರಾಳ. ಹಿಂದಿನ ತೊಟ್ಟಿಯಲ್ಲಿ ಮುಚ್ಚಳವಿರುವ ಪೆಟ್ಟಿಗೆಯೊಳಗೆ ಇಡಬಹುದು. ಗಾಳಿಯಾಡಲು ಕಿಂಡಿ ಬಿಡಬೇಕು, ಉದ್ದನೆಯ ತಂತಿ ಎಳೆಯಬೇಕು. ಬಾನೆಟ್ಟಿನೊಳಗೆ ತಣ್ಣನೆಯ ಮೂಲೆಯೊಂದು ಸಿಕ್ಕರೆ ಬೇರೆಡೆ ಹುಡುಕುವುದೇ ಬೇಡ ಎಂಬುದು ನನ್ನ ಅಭಿಪ್ರಾಯ.

4 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಯಲ್ಲಿ ಬ್ರಾಕೆಟ್ ಮಾಡಿಸಿ. ಅದನ್ನು ಈಗಾಗಲೇ ಇರುವ ಬೋಲ್ಟ್ ತೂತುಗಳಿಗೆ ಬಿಗಿಯಿರಿ. ಚಾಸಿಗೆ ಹೊಸ ತೂತು ಕೊರೆಯುವುದು, ವೆಲ್ಡಿಂಗ್ ಮಾಡಿಸುವುದು ಬೇಡವೇ ಬೇಡ. ಕಂಪ್ರೆಸರ್ ಮತ್ತು ಬ್ರಾಕೆಟ್ಟಿನ ನಡುವೆ ರಬ್ಬರ್ ಬುಷ್ ಹಾಕಿ, ಅದುರಿದರೂ ಸಡಿಲವಾಗದ ನೈಲಾಕ್ ನಟ್ ಬಳಸಿ. ಗಾಳಿ ಒಳಗೆಳೆಯುವ ಫಿಲ್ಟರು ಎತ್ತರದ, ಒಣ ಜಾಗದಲ್ಲಿರಲಿ.

<b>ತಂತಿ</b>

ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಎಲ್ಲ ಮುಗಿದ ಮೇಲೆ ಕೊನೆಗೆ ಅದನ್ನು ಜೋಡಿಸಿ.

ಕಂಪ್ರೆಸರ್ 30 ಆಂಪಿಯರ್ ಎಳೆಯುತ್ತದೆ, ಹೋಗಿ ಬರುವ ತಂತಿ ಒಟ್ಟು 10 ಮೀಟರ್ ಎಂದುಕೊಳ್ಳಿ. 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿದರೆ ದಾರಿಯಲ್ಲೇ 2 ವೋಲ್ಟಿಗೂ ಹೆಚ್ಚು ಸೋರಿಹೋಗುತ್ತದೆ. ಮೋಟಾರು ನರಳುತ್ತದೆ, ತಂತಿ ಬಿಸಿಯಾಗುತ್ತದೆ. 10 ಚದರ ಮಿಲಿಮೀಟರಿನದಾದರೆ ನಷ್ಟ ಅರ್ಧ ವೋಲ್ಟಿನ ಸುತ್ತಮುತ್ತ. ಅಂಗಡಿಯವನು 'ಇದೇ ಸಾಕು ಸಾರ್' ಎಂದು ಸಪೂರ ತಂತಿ ಕೊಟ್ಟರೆ ಒಪ್ಪಬೇಡಿ.

ಬ್ಯಾಟರಿಯ ಪಾಸಿಟಿವ್‌ನಿಂದ ಗೇಣುದ್ದದೊಳಗೆ 40 ಆಂಪಿಯರ್ ಫ್ಯೂಸ್ ಇರಲೇಬೇಕು. ಅದಿಲ್ಲದಿದ್ದರೆ ತಂತಿ ಎಲ್ಲೋ ಉಜ್ಜಿ ಹರಿದ ದಿನ ಬೆಂಕಿ ಹತ್ತಬಹುದು. ಮುಂದಿನದು ರಿಲೇ, ಅಂದರೆ ಸಣ್ಣ ಸ್ವಿಚ್ಚಿನ ಅಪ್ಪಣೆಯಂತೆ ದೊಡ್ಡ ಕರೆಂಟನ್ನು ಹಾಯಿಸುವ ಡಬ್ಬಿ: 30ನೇ ಪಿನ್ನಿಗೆ ಫ್ಯೂಸಿನಿಂದ ಬಂದ ತಂತಿ, 87ಕ್ಕೆ ಕಂಪ್ರೆಸರ್, 86ಕ್ಕೆ ಡ್ಯಾಶ್‌ಬೋರ್ಡಿನ ಸ್ವಿಚ್, 85ಕ್ಕೆ ಅರ್ತ್. ಸ್ವಿಚ್ಚಿಗೆ ವಿದ್ಯುತ್ತನ್ನು ಇಗ್ನಿಷನ್ ದಾರಿಯಿಂದ, ಪ್ರತ್ಯೇಕ ಸಣ್ಣ ಫ್ಯೂಸಿನ ಮೂಲಕ ಕೊಡಿ. ಕೀ ತೆಗೆದ ಮೇಲೆ ಪಂಪು ಓಡಬಾರದು. ಇದಕ್ಕಾಗಿ ಕಾರ್ಖಾನೆಯ ವೈರಿಂಗ್ ಕತ್ತರಿಸಿದರೆ ವಾರಂಟಿಯ ಜಗಳಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಫ್ಯೂಸ್ ಪೆಟ್ಟಿಗೆಯಲ್ಲಿ ಸಿಕ್ಕಿಸುವ ಅಡಾಪ್ಟರ್ ಸಿಗುತ್ತದೆ, ಅದನ್ನು ಬಳಸಿ. ಅರ್ತ್ ಕೊಡುವ ಕಡೆ ಬಣ್ಣ ಕೆರೆದು ಲೋಹ ಕಾಣುವಂತೆ ಮಾಡಿ.

<b>ಗಾಳಿಯ ಕೊಳವೆ</b>

ಕಂಪ್ರೆಸರಿನ ತಲೆಯಿಂದ ಹೊರಡುವ ಗಾಳಿ ಕೈ ಸುಡುವಷ್ಟು ಬಿಸಿ. ಮೊದಲ ತುಂಡು ಉಕ್ಕಿನ ಹೆಣಿಗೆಯಿರುವ ಹೋಸ್ ಆಗಿರಬೇಕು. ಪ್ಲಾಸ್ಟಿಕ್ ಪೈಪು ಕರಗುತ್ತದೆ. ಇನ್ನೊಂದು ಬಲೆ ಇಲ್ಲಿದೆ: ಆಮದಾದ ಎಷ್ಟೋ ಕಂಪ್ರೆಸರುಗಳಲ್ಲಿ ಎನ್‌ಪಿಟಿ ಎಂಬ ಅಮೆರಿಕದ ಅಳತೆಯ ಮರೆ (ತಿರುಪಿನ ಸುತ್ತು) ಇರುತ್ತದೆ, ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಬ್ರಿಟಿಷ್ ಅಳತೆಯ ಬಿಎಸ್‌ಪಿ. ಕಾಲು ಇಂಚಿನ ಎನ್‌ಪಿಟಿಯಲ್ಲಿ ಇಂಚಿಗೆ 18 ಸುತ್ತು, ಬಿಎಸ್‌ಪಿಯಲ್ಲಿ 19. ಒಂದಕ್ಕೆ ಇನ್ನೊಂದನ್ನು ಹಾಕಿದರೆ ಎರಡು ಸುತ್ತು ಸಲೀಸಾಗಿ ಹತ್ತಿ ಆಮೇಲೆ ಕಚ್ಚಿಕೊಳ್ಳುತ್ತದೆ. ಎಷ್ಟು ಟೆಫ್ಲಾನ್ ಟೇಪು ಸುತ್ತಿದರೂ ಸೋರುವುದು ನಿಲ್ಲದು.

ಟ್ಯಾಂಕ್ ಬೇಕೇ? ಟೈರಿಗಷ್ಟೇ ಆದರೆ ಬೇಡ. ಹಾಕುವುದಾದರೆ ಗಾಳಿ ಹಿಂದಕ್ಕೆ ಬಾರದಂತೆ ತಡೆಯುವ ಚೆಕ್ ವಾಲ್ವ್, ಒತ್ತಡ ಸಾಕಾದಾಗ ಪಂಪು ನಿಲ್ಲಿಸುವ ಪ್ರೆಷರ್ ಸ್ವಿಚ್, ಟ್ಯಾಂಕಿನ ಮೇಲೆ ನಮೂದಿಸಿದ ಗರಿಷ್ಠ ಒತ್ತಡಕ್ಕಿಂತ ಮೊದಲೇ ತೆರೆಯುವ ಸೇಫ್ಟಿ ವಾಲ್ವ್, ಅಡಿಯಲ್ಲಿ ನೀರು ಬಿಡುವ ನಲ್ಲಿ ಇವೆಲ್ಲ ಇರಲೇಬೇಕು.

<b>ಪರೀಕ್ಷೆ</b>

ಎಂಜಿನ್ ಚಾಲೂ ಇಟ್ಟು ಪಂಪು ಓಡಿಸಿ, ಒತ್ತಡ ಏರಿದ ಮೇಲೆ ನಿಲ್ಲಿಸಿ. ಪ್ರತಿ ಕೀಲಿಗೂ ಸೋಪಿನ ನೀರು ಬಳಿದು ಗುಳ್ಳೆ ಏಳುತ್ತದೆಯೇ ನೋಡಿ. ಕಂಪ್ರೆಸರಿನ ಮೇಲೆ ಡ್ಯೂಟಿ ಸೈಕಲ್ (ಒಟ್ಟು ಹೊತ್ತಿನಲ್ಲಿ ಓಡಬಹುದಾದ ಪಾಲು) 50 ಶೇಕಡಾ ಎಂದು ಬರೆದಿದ್ದರೆ ಓಡಿದಷ್ಟೇ ಹೊತ್ತು ವಿಶ್ರಾಂತಿ ಕೊಡಿ. ಮೊದಲ ಬಾರಿ ಒರಟು ದಾರಿಯಲ್ಲಿ ಹೋಗಿಬಂದ ಮೇಲೆ ಬ್ರಾಕೆಟ್ಟಿನ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ.