ಎರಡು ವಾರ ದಾಟಿದ ಕೆಮ್ಮಾ? ಸಿರಪ್ ಬದಿಗಿಟ್ಟು ಕಫದ ಡಬ್ಬಿ ಕೇಳಿ

ನಮ್ಮ ಚಿಕ್ಕಪ್ಪ ಮೂರು ಬಾಟಲಿ ಸಿರಪ್ ಕುಡಿದರು. ಎರಡು ಸಲ ಆ್ಯಂಟಿಬಯೋಟಿಕ್ ನುಂಗಿದರು. ಆಮೇಲೆ ಯಾರೋ ಹೇಳಿದರೆಂದು ಮೆಣಸಿನ ಕಷಾಯವೂ ಆಯಿತು. ಕೆಮ್ಮು ಜಗ್ಗಲಿಲ್ಲ. ಕೊನೆಗೆ ಕಫ ಪರೀಕ್ಷೆ ಮಾಡಿಸಿದರೆ ಅದು ನೆಗೆಟಿವ್ ಬಂತು, ಯಾಕೆಂದರೆ ಡಬ್ಬಿಯೊಳಗೆ ಇದ್ದದ್ದು ಬರೀ ಎಂಜಲು! ಹೇಗೆ ಕೊಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಮತ್ತೊಮ್ಮೆ ಸರಿಯಾಗಿ ಕೊಟ್ಟು ಟಿಬಿ ಅಂತ ಗೊತ್ತಾಗುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು. ಆ ಎರಡು ತಿಂಗಳೂ ಮೂರು ವರ್ಷದ ಮೊಮ್ಮಗಳು ರಾತ್ರಿ ಮಲಗುತ್ತಿದ್ದದ್ದು ಅವರ ಪಕ್ಕದಲ್ಲೇ.

ಇದು ಹಳೇ ಕಥೆ. 1960ರ ದಶಕದ ಶುರುವಿನಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಟಿಬಿ ಇದ್ದವರನ್ನು ಹುಡುಕಿ ಮಾತಾಡಿಸಿದರು. ಹಳ್ಳಿಯವರಿಗೆ ಕಾಯಿಲೆಯ ಅರಿವೇ ಇರುವುದಿಲ್ಲ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಆದರೆ ಅವರಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು, ಅಷ್ಟೇ. ಅರವತ್ತು ವರ್ಷ ಆದರೂ ಆ ಬಾಟಲಿ ನಮ್ಮ ಮನೆಗಳಿಗೆ ಬರುತ್ತಲೇ ಇದೆ.

ಮೊದಲು ದಿನ ಎಣಿಸಿ

ಕೆಮ್ಮು ಶುರುವಾದ ದಿನಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ. ಎರಡು ವಾರ ದಾಟಿತಾ, ಪರೀಕ್ಷೆ ಆಗಲೇಬೇಕು. ಸಂಜೆ ಹೊತ್ತಿಗೆ ಸಣ್ಣ ಜ್ವರ, ರಾತ್ರಿ ಬೆವರು, ಊಟ ಸೇರದಿರುವುದು, ಬಟ್ಟೆ ಸಡಿಲವಾಗುವಷ್ಟು ತೂಕ ಇಳಿಯುವುದು, ಇವೂ ಲಕ್ಷಣಗಳೇ. ಕಫದಲ್ಲಿ ರಕ್ತ ಕಂಡರೆ ಎರಡು ವಾರ ಕಾಯುವ ಮಾತೇ ಇಲ್ಲ. ಎಚ್‌ಐವಿ ಇದ್ದವರು, ಮನೆಯಲ್ಲಿ ಈಗಾಗಲೇ ಟಿಬಿ ರೋಗಿ ಇರುವವರು ಕೂಡ ಕಾಯಬಾರದು. ಸಕ್ಕರೆ ಕಾಯಿಲೆ ಇದ್ದವರಿಗೆ ಟಿಬಿ ಬರುವ ಸಂಭವ ಉಳಿದವರಿಗಿಂತ ಎರಡು ಮೂರು ಪಟ್ಟು ಜಾಸ್ತಿ.

ದೇಶದಲ್ಲಿ 2019ರಿಂದ 2021ರವರೆಗೆ ನಡೆದ ದೊಡ್ಡ ಟಿಬಿ ಸಮೀಕ್ಷೆಯಲ್ಲಿ, ಲಕ್ಷಣ ಇದ್ದವರ ಪೈಕಿ ಸುಮಾರು ಶೇಕಡ 64ರಷ್ಟು ಜನ ಎಲ್ಲಿಗೂ ತೋರಿಸಲು ಹೋಗಿರಲೇ ಇಲ್ಲ. ‘ಬೀಡಿ ಕೆಮ್ಮು ಬಿಡು, ಧೂಳಿಗೆ ಬಂದಿರಬೇಕು’ ಅನ್ನುವ ಮಾತು ನೀವೂ ಕೇಳಿರುತ್ತೀರಿ, ಅಲ್ವಾ?

ಎಲ್ಲಿಗೆ ಹೋಗಬೇಕು, ಏನು ಕೇಳಬೇಕು

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಪರೀಕ್ಷೆ, ಮಾತ್ರೆ ಎರಡೂ ಉಚಿತ. ದಾರಿ ತಿಳಿಯದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ನಿಕ್ಷಯ್ ಸಹಾಯವಾಣಿ 1800-11-6666ಕ್ಕೆ ಫೋನ್ ಮಾಡಿ. ಡಾಕ್ಟರ ಮುಂದೆ ಕೂತಾಗ ಸುಮ್ನೆ ‘ಕೆಮ್ಮು ಸಾರ್’ ಅನ್ನಬೇಡಿ. ‘ಡಾಕ್ಟ್ರೇ, ಎರಡು ವಾರದಿಂದ ಕೆಮ್ಮಿದೆ, ಕಫ ಪರೀಕ್ಷೆಗೆ ಬರೆದುಕೊಡಿ’ ಅಂತ ಕೇಳಿಯೇ ಬಿಡಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಖಾಸಗಿಗೆ ಹೋದರೂ ಪರವಾಗಿಲ್ಲ, ಟಿಬಿ ಪತ್ತೆಯಾದರೆ ಅವರು ಸರ್ಕಾರಕ್ಕೆ ತಿಳಿಸಬೇಕು ಅನ್ನುವ ನಿಯಮ 2012ರಿಂದಲೇ ಇದೆ. ಆದರೆ ಒಂದು ಎಚ್ಚರ. ರಕ್ತದಲ್ಲಿ ಪ್ರತಿಕಾಯ (ಕ್ರಿಮಿಯ ವಿರುದ್ಧ ದೇಹ ತಯಾರಿಸುವ ವಸ್ತು) ನೋಡಿ ಟಿಬಿ ಹೇಳುತ್ತೇವೆ ಅಂತ ಯಾರಾದರೂ ಅಂದರೆ ಒಪ್ಪಬೇಡಿ, ಆ ಪರೀಕ್ಷೆ ನಂಬುವಂಥದ್ದಲ್ಲ ಅಂತ ಅದೇ ವರ್ಷ ಅದನ್ನು ನಿಷೇಧಿಸಲಾಗಿದೆ. ಕೈಗೆ ಚುಚ್ಚಿ ಊತ ಅಳೆಯುವ ಮ್ಯಾಂಟೂ ಪರೀಕ್ಷೆ ಬೇರೆಯದು. ಕ್ರಿಮಿ ಎಂದಾದರೂ ಒಳಗೆ ಹೊಕ್ಕಿದೆಯಾ ಅನ್ನುವುದನ್ನಷ್ಟೇ ಅದು ತೋರಿಸುತ್ತದೆ. ಕ್ರಿಮಿ ಹೊಕ್ಕವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ನೂರಕ್ಕೆ ಐದರಿಂದ ಹತ್ತು ಜನ ಮಾತ್ರ.

ಡಬ್ಬಿ ತುಂಬುವ ವಿದ್ಯೆ

ಇಡೀ ಲೇಖನದಲ್ಲಿ ಇದೊಂದನ್ನು ಓದಿಕೊಂಡರೂ ಸಾಕು.

ಸಾಮಾನ್ಯವಾಗಿ ಎರಡು ಮಾದರಿ ಕೇಳುತ್ತಾರೆ. ಒಂದು ಆಸ್ಪತ್ರೆಗೆ ಹೋದಾಗ ಅಲ್ಲೇ ಕೊಡುವುದು, ಇನ್ನೊಂದು ಬೆಳಗ್ಗೆ ಎದ್ದ ಕೂಡಲೇ ಮನೆಯಲ್ಲಿ ಹಿಡಿದು ತರುವುದು. ಬೆಳಗಿನದು ಒಳ್ಳೆಯದು, ರಾತ್ರಿಯಿಡೀ ಎದೆಯಲ್ಲಿ ಕಟ್ಟಿಕೊಂಡದ್ದು ಅದರಲ್ಲಿ ಬರುತ್ತದೆ. ಕಾಫಿ ತಿಂಡಿಗೂ ಮುಂಚೆ ಈ ಕೆಲಸ ಮುಗಿಸಿ. ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಅಂಗಳಕ್ಕೋ ತಾರಸಿಗೋ ಹೋಗಿ, ಹತ್ತಿರ ಯಾರೂ ಇರಬಾರದು. ಬಚ್ಚಲುಮನೆ ಬೇಡವೇ ಬೇಡ, ನಿಮ್ಮ ಹಿಂದೆ ಒಳಗೆ ಹೋಗುವವರು ಅದೇ ಗಾಳಿ ಉಸಿರಾಡುತ್ತಾರೆ. ಎರಡು ಮೂರು ಸಲ ಉಸಿರನ್ನು ಆಳವಾಗಿ ಎಳೆದು, ಸ್ವಲ್ಪ ಹಿಡಿದು, ಎದೆಯ ತಳದಿಂದ ಕೆಮ್ಮಿ. ಗಂಟಲು ಕ್ಯಾಕರಿಸಿದರೆ ಬರುವುದು ಬೇರೆ, ಎದೆಯಿಂದ ಬರುವುದು ಬೇರೆ. ಗಟ್ಟಿಯಾಗಿ, ಅಂಟಂಟಾಗಿ, ಕೆಲವೊಮ್ಮೆ ಹಳದಿಯಾಗಿ ಇರುವುದೇ ಕಫ. ನೀರಿನಂತೆ ತೆಳ್ಳಗೆ, ನೊರೆನೊರೆಯಾಗಿ ಇದ್ದರೆ ಅದು ಎಂಜಲು, ಅದನ್ನು ಕೊಟ್ಟು ಉಪಯೋಗವಿಲ್ಲ. ಒಂದು ಟೀ ಚಮಚದಷ್ಟು ಸಾಕು. ಮುಚ್ಚಳ ಬಿಗಿ ಮಾಡಿ, ಕೈ ತೊಳೆದು, ಆದಷ್ಟು ಅವತ್ತೇ ತಲುಪಿಸಿ, ಬಿಸಿಲಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟು ಮರೆತುಬಿಡಬೇಡಿ. ಹೆಸರನ್ನು ಡಬ್ಬಿಯ ಮೈಮೇಲೆ ಬರೆಸಿ, ಮುಚ್ಚಳ ಅದಲುಬದಲಾದರೆ ಕಷ್ಟ.

ಸಣ್ಣ ಮಕ್ಕಳಿಗೆ ಕಫ ಉಗುಳಲು ಬರುವುದಿಲ್ಲ, ನುಂಗಿಬಿಡುತ್ತವೆ. ಅದಕ್ಕೇ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮೂಗಿನಿಂದ ನಳಿಕೆ ಇಳಿಸಿ ಹೊಟ್ಟೆಯ ದ್ರವ ತೆಗೆಯುತ್ತಾರೆ. ಕತ್ತಿನಲ್ಲಿ ಗಡ್ಡೆ ಇದ್ದರೆ ಸೂಜಿ ಹಾಕಿ ಅಲ್ಲಿಂದಲೇ ಮಾದರಿ. ಅಂಥ ಗಡ್ಡೆಯ ಟಿಬಿ ಮಾತ್ರ ಇದ್ದು ಎದೆ ಸರಿಯಿದ್ದರೆ, ಅದು ಸಾಮಾನ್ಯವಾಗಿ ಇನ್ನೊಬ್ಬರಿಗೆ ಹರಡುವುದಿಲ್ಲ.

ಲ್ಯಾಬ್‌ನಲ್ಲಿ ಏನು ನಡೆಯುತ್ತದೆ

ಹಳೆಯ ದಾರಿ ಮೈಕ್ರೋಸ್ಕೋಪು. ಟಿಬಿ ಕ್ರಿಮಿಗೆ ಮೇಣದಂಥ ಹೊದಿಕೆ ಇದೆ. ಗಾಜಿನ ಮೇಲೆ ಸವರಿದ ಕಫಕ್ಕೆ ಕೆಂಪು ಬಣ್ಣ ಹಾಕಿ, ಬಿಸಿ ಮಾಡಿ, ಆಮ್ಲದಲ್ಲಿ ತೊಳೆದರೆ ಉಳಿದದ್ದೆಲ್ಲ ಬಣ್ಣ ಬಿಡುತ್ತದೆ, ಇದು ಬಿಡುವುದಿಲ್ಲ. ಆಮೇಲೆ ನೀಲಿ ಬಣ್ಣ ಕೊಟ್ಟರೆ ನೀಲಿ ನೆಲದ ಮೇಲೆ ಸಣ್ಣ ಕೆಂಪು ಕಡ್ಡಿಗಳ ಹಾಗೆ ಕಾಣುತ್ತದೆ. ತೊಂದರೆ ಏನೆಂದರೆ ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ಕ್ರಿಮಿ ಇದ್ದರಷ್ಟೇ ಕಣ್ಣಿಗೆ ಬೀಳುವುದು. ಈಗ ಸಿಬಿನಾಟ್ ಅನ್ನುವ ಯಂತ್ರ ಇದೆ. ಅದು ಹುಡುಕುವುದು ಕ್ರಿಮಿಯ ಡಿಎನ್ಎಯನ್ನು. ನೂರೈವತ್ತರ ಆಸುಪಾಸು ಕ್ರಿಮಿ ಇದ್ದರೂ ಹಿಡಿಯುತ್ತದೆ, ಎರಡು ಗಂಟೆಯಲ್ಲಿ ಉತ್ತರ ಹೇಳುತ್ತದೆ. ಇದರದೇ ನಮ್ಮ ದೇಶದ ಜೊತೆಗಾರ ಟ್ರೂನಾಟ್, ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿ ಗೋವಾದ ಮಾಲ್‌ಬಯೋ ತಯಾರಿಸುತ್ತಿರುವುದು. ಬ್ಯಾಟರಿಯಲ್ಲೂ ಓಡುತ್ತದೆ. ಕರೆಂಟು ಕೈಕೊಡುವ ಊರುಗಳ ಕಷ್ಟ ಗೊತ್ತಿದ್ದವರೇ ಮಾಡಿದ್ದು ಅನ್ನಿಸುತ್ತದೆ!

ಕಲ್ಚರ್, ಅಂದರೆ ಕಫದಲ್ಲಿರುವ ಕ್ರಿಮಿಯನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಅಂತ ಹೇಳಿದರೆ ಮಾತ್ರ ಗಾಬರಿಯಾಗದೆ ಕಾಯಿರಿ. ಈ ಕ್ರಿಮಿ ಒಂದು ಎರಡಾಗಲು ಹದಿನೈದರಿಂದ ಇಪ್ಪತ್ತು ಗಂಟೆ ಬೇಕು, ಫಲಿತಾಂಶಕ್ಕೆ ಆರು ವಾರದವರೆಗೂ ಆಗಬಹುದು.

ರಿಪೋರ್ಟ್ ಓದುವಾಗ

ಸಿಬಿನಾಟ್ ರಿಪೋರ್ಟಿನಲ್ಲಿ ಎರಡು ಸಾಲು ಇರುತ್ತವೆ. ‘ಎಂಟಿಬಿ ಡಿಟೆಕ್ಟೆಡ್’ ಅಂದರೆ ಟಿಬಿ ಇದೆ. ಅದರ ಕೆಳಗೆ ‘ರಿಫ್ ರೆಸಿಸ್ಟೆನ್ಸ್ ನಾಟ್ ಡಿಟೆಕ್ಟೆಡ್’ ಅಂತ ಇದ್ದರೆ ಟಿಬಿ ಇಲ್ಲ ಅಂತ ಓದಿಕೊಂಡು ಖುಷಿಪಡುವವರಿದ್ದಾರೆ. ಆ ಸಾಲು ಹೇಳುವುದು ರಿಫಾಂಪಿಸಿನ್ ಎಂಬ ಮುಖ್ಯ ಮಾತ್ರೆ ಕೆಲಸ ಮಾಡುತ್ತದೆ ಅಂತ, ಅಂದರೆ ಮಾಮೂಲಿ ಆರು ತಿಂಗಳ ಚಿಕಿತ್ಸೆ ಸಾಕು. ಅಲ್ಲಿ ‘ಡಿಟೆಕ್ಟೆಡ್’ ಇದ್ದರೆ ಔಷಧಿಯೇ ಬೇರೆ. ‘ಎರರ್’ ಅಥವಾ ‘ಇನ್‌ವ್ಯಾಲಿಡ್’ ಬಂದರೆ ಅದು ನೆಗೆಟಿವ್ ಅಲ್ಲ, ಇನ್ನೊಂದು ಸಲ ಡಬ್ಬಿ ಕೊಡಬೇಕು. ಹಿಂದೆ ಟಿಬಿ ಆಗಿ ವಾಸಿಯಾದವರಲ್ಲಿ ಸತ್ತ ಕ್ರಿಮಿಯ ಡಿಎನ್ಎಯನ್ನೂ ಯಂತ್ರ ಹಿಡಿದುಬಿಡಬಹುದು, ಹಾಗಾಗಿ ಹಳೇ ಚೀಟಿಗಳನ್ನು ಜೊತೆಗೆ ಒಯ್ಯಿರಿ.

ಕೊನೆಗೆ, ಜನರನ್ನು ಎಣಿಸಿ

ಟಿಬಿ ಖಚಿತವಾದ ದಿನ ಒಂದು ಹಾಳೆ ತೆಗೆದುಕೊಳ್ಳಿ. ಹಿಂದಿನ ಮೂರು ತಿಂಗಳು ನಿಮ್ಮ ಜೊತೆ ಒಂದೇ ಸೂರಿನಡಿ ಮಲಗಿದವರು, ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ಕೂತವರು ಯಾರ್ಯಾರು ಅಂತ ಬರೆಯಿರಿ. ಬಸ್ಸಿನಲ್ಲಿ ಐದು ನಿಮಿಷ ಪಕ್ಕ ಕೂತವರನ್ನು ಬಿಡಿ.

ಗಾಳಿಯಿಂದಲೇ ಹರಡುತ್ತದೆ ಅನ್ನುವುದನ್ನು ತೋರಿಸಿದ ಪ್ರಯೋಗ ನನಗೆ ಬಹಳ ಇಷ್ಟ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ರಿಚರ್ಡ್ ರೈಲಿ ಮತ್ತು ಅವರ ಜೊತೆಯವರು ಟಿಬಿ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಮೇಲಕ್ಕೆ ಒಯ್ದು, ಅಲ್ಲಿ ಸಾಕಿದ್ದ ಗಿನಿಪಿಗ್‌ಗಳಿಗೆ ಉಸಿರಾಡಿಸಿದರು. ಅವು ರೋಗಿಯನ್ನು ಮುಟ್ಟಿಲ್ಲ, ಎಂಜಲು ತಿಂದಿಲ್ಲ, ಆದರೂ ಟಿಬಿ ತಗುಲಿತು. ಅದೇ ಗಾಳಿಗೆ ಅತಿನೇರಳೆ ಬೆಳಕು ಹಾಯಿಸಿದಾಗ ತಗುಲಲಿಲ್ಲ. ಹಾಗಾಗಿ ತಟ್ಟೆ ಲೋಟ ಬೇರೆ ಇಡುವುದರಿಂದ ಏನೂ ಉಳಿಯುವುದಿಲ್ಲ, ಕಿಟಕಿ ತೆರೆದಿಡಿ.

ಮನೆಯಿಂದ ಹೊರಗೆ ಹಾಕುವುದೂ ಬೇಡ. ಮದರಾಸಿನಲ್ಲಿ ನಡೆದ ಅಧ್ಯಯನ 1959ರಲ್ಲೇ ಹೇಳಿತ್ತು, ಮನೆಯಲ್ಲಿದ್ದು ಮಾತ್ರೆ ತೆಗೆದುಕೊಂಡವರೂ ಸ್ಯಾನಿಟೋರಿಯಂನಲ್ಲಿ (ಟಿಬಿ ರೋಗಿಗಳನ್ನು ಇರಿಸಿಕೊಳ್ಳುತ್ತಿದ್ದ ಆಸ್ಪತ್ರೆಯಲ್ಲಿ) ಇದ್ದವರಷ್ಟೇ ಚೆನ್ನಾಗಿ ಗುಣವಾದರು, ಅವರ ಮನೆಯವರಿಗೂ ಅದರಿಂದ ಹೆಚ್ಚಿನ ಕಾಯಿಲೆ ಬರಲಿಲ್ಲ ಅಂತ. ಹರಡುವುದು ಬಹುಪಾಲು ಪತ್ತೆಯಾಗುವ ಮುಂಚೆ, ಸಿರಪ್ ಕುಡಿಯುತ್ತಾ ಕೂತಿರುವ ದಿನಗಳಲ್ಲಿ.

ಹಾಳೆಯಲ್ಲಿರುವ ಎಲ್ಲರಿಗೂ ಪರೀಕ್ಷೆ ಆಗಲಿ, ಕೆಮ್ಮು ಇಲ್ಲದಿದ್ದರೂ ಎಕ್ಸ್‌ರೇ ತೆಗೆಸಿ. ನಾನು ಆಗಲೇ ಹೇಳಿದ ಸಮೀಕ್ಷೆಯಲ್ಲಿ ಎಕ್ಸ್‌ರೇ ಇಲ್ಲದಿದ್ದರೆ ಶೇಕಡ 42ಕ್ಕೂ ಹೆಚ್ಚು ಪ್ರಕರಣ ತಪ್ಪಿಹೋಗುತ್ತಿದ್ದವು. ಕಾಯಿಲೆ ಇಲ್ಲ ಅಂತಾದರೆ, ಅದರಲ್ಲೂ ಐದು ವರ್ಷದೊಳಗಿನ ಮಕ್ಕಳಿಗೆ, ಮುಂದೆ ಬರದಂತೆ ತಡೆಯುವ ಮಾತ್ರೆ ಕೊಡುತ್ತಾರೆ. ಊಟದ ವಿಷಯವೂ ಇದೆ. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡಿನಲ್ಲಿ ರೋಗಿಗಳ ಮನೆಯವರಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ ಕೊಟ್ಟು ನೋಡಿತು. ಅವರಲ್ಲಿ ಟಿಬಿ ಬರುವುದು ಶೇಕಡ 39ರಷ್ಟು ತಗ್ಗಿತು, 2023ರಲ್ಲಿ ಅದು ಪ್ರಕಟವಾಯಿತು. ರೋಗಿಗೆ ಸರ್ಕಾರದಿಂದ ತಿಂಗಳಿಗೆ 1,000 ರೂಪಾಯಿ ಪೌಷ್ಟಿಕ ಆಹಾರದ ಹಣವೂ ಬರುತ್ತದೆ, ಬ್ಯಾಂಕ್ ಪಾಸ್‌ಬುಕ್ ಕೊಟ್ಟು ಹೆಸರು ಸೇರಿಸಿ.

‘ಇದು ನನಗೆ ಯಾರಿಂದ ಬಂತು’ ಅಂತ ಎಲ್ಲರೂ ಕೇಳುತ್ತಾರೆ. ಕ್ರಿಮಿಯ ಜೀನೋಮಿನಲ್ಲಿ, ಅಂದರೆ ಅದರ ಇಡೀ ಡಿಎನ್ಎಯಲ್ಲಿ, ಸುಮಾರು 44 ಲಕ್ಷ ಅಕ್ಷರಗಳಿವೆ, ಎರಡು ಮೂರು ವರ್ಷಕ್ಕೆ ಒಂದಕ್ಷರ ಬದಲಾಗುವಷ್ಟು ನಿಧಾನ. ಇಬ್ಬರ ಕ್ರಿಮಿಗಳ ನಡುವೆ ನಾಲ್ಕೈದು ಅಕ್ಷರದಷ್ಟೇ ವ್ಯತ್ಯಾಸ ಇದ್ದರೆ ನಂಟು ಇತ್ತೀಚಿನದು ಅಂತ ಸಂಶೋಧಕರು ಊಹಿಸುತ್ತಾರೆ, ಯಾರಿಂದ ಯಾರಿಗೆ ಅನ್ನುವುದು ಆಗಲೂ ಸುಲಭಕ್ಕೆ ತಿಳಿಯುವುದಿಲ್ಲ. ಹಾಗಾಗಿ ಪಕ್ಕದ ಮನೆಯವರನ್ನು ದೂರಬೇಡಿ.

ಚಿಕ್ಕಪ್ಪನ ಆರು ತಿಂಗಳು ಮುಗಿದಿದೆ, ಕಫ ನೆಗೆಟಿವ್, ಈ ಸಲ ನಿಜವಾದ ನೆಗೆಟಿವ್. ಮೊಮ್ಮಗಳ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ತಡೆ ಮಾತ್ರೆಯನ್ನೂ ಪೂರ್ತಿ ನುಂಗಿದಳು. ಅವರು ಮಾತ್ರ ಇನ್ನೂ ತಟ್ಟೆ ಬೇರೆ ಇಟ್ಟುಕೊಂಡಿದ್ದಾರೆ, ಗಿನಿಪಿಗ್ ಕಥೆ ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ.