ಬೈಕ್ ಟೈರ್ ಮನೆಯಲ್ಲೇ ಬದಲಿಸುವುದು ಹೇಗೆ?

ತೊಗರಿ ರಾಶಿ ಮುಗಿದ ಮೇಲೆ ಕಲಬುರಗಿ ಕಡೆಯ ಹೊಲದ ದಾರಿಗಳಲ್ಲಿ ಬೈಕಿಗೆ ಎರಡು ಕಾಟ. ಒಂದು ಜಾಲಿ ಮುಳ್ಳು, ಇನ್ನೊಂದು ತೊಗರಿ ಕೂಳೆ. ಟೈರ್ ಸವೆದಿದ್ದರಂತೂ ಎರಡೂ ಸಲೀಸಾಗಿ ಒಳಗೆ ಇಳಿಯುತ್ತವೆ. ಪಂಚರ್ ಅಂಗಡಿ ದೂರವಿರುವ ಊರಲ್ಲಿ ಟೈರ್ ಬಿಚ್ಚಿ ಹಾಕಲು ಬಂದರೆ ದೊಡ್ಡ ಅನುಕೂಲ.

ಇಲ್ಲಿ ಹೇಳುವುದು ಟ್ಯೂಬ್ ಇರುವ ಸ್ಪೋಕ್ ಚಕ್ರದ ಬಗ್ಗೆ ಮಾತ್ರ. ಟ್ಯೂಬ್‌ಲೆಸ್ ಟೈರನ್ನು ಅಂಗಡಿಗೇ ಬಿಡಿ. ಅದರ ಅಂಚು ರಿಮ್ಮಿಗೆ ಬಹಳ ಬಿಗಿಯಾಗಿ ಕೂತಿರುತ್ತದೆ. ಮತ್ತೆ ಕೂರಿಸಲು ಒಮ್ಮೆಲೇ ಜೋರಾಗಿ ಗಾಳಿ ನುಗ್ಗಬೇಕು. ಕಾಲಿನ ಪಂಪಿನಿಂದ ಅದು ಕಷ್ಟ.

ಹಳೆ ಟೈರಿನ ಪಕ್ಕದಲ್ಲಿ 80/100-18 ಅಂತ ಬರೆದಿದ್ದರೆ ಅದೇ ಅಳತೆಯ ಟೈರ್ ತನ್ನಿ. 80 ಅಂದರೆ ಮಿಲಿಮೀಟರ್‌ನಲ್ಲಿ ಅಗಲ, 18 ಅಂದರೆ ಇಂಚಿನಲ್ಲಿ ರಿಮ್ಮಿನ ಅಳತೆ. ಕೊಳ್ಳುವಾಗ ನಾಲ್ಕು ಅಂಕಿಯ ತಯಾರಿ ಗುರುತನ್ನೂ ನೋಡಿ. 2324 ಅಂದರೆ 2024ರ 23ನೇ ವಾರ. ಟೈರ್ ಜೊತೆ ಟ್ಯೂಬೂ ಹೊಸದಿರಲಿ. ಹಳೆ ಟ್ಯೂಬ್ ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಮಡಿಕೆ ಬಿದ್ದು ಅಲ್ಲೇ ಹರಿಯುತ್ತದೆ. ಎರಡು ಮೂರು ಟೈರ್ ಲಿವರ್ (ಟೈರಿನ ಅಂಚು ಎತ್ತುವ ಚಪ್ಪಟೆ ಸಲಾಕೆ), ವಾಲ್ ಅಂದರೆ ಗಾಳಿ ತುಂಬುವ ಮೂತಿಯೊಳಗಿನ ಪಿನ್ ತೆಗೆಯುವ ಕೀ, ಪಾನಾಗಳು, ಪಂಪ್, ಸೋಪಿನ ನೀರು ಇದ್ದರೆ ಸಾಕು. ಸ್ಕ್ರೂಡ್ರೈವರನ್ನು ಲಿವರ್ ಮಾಡಬೇಡಿ, ಟ್ಯೂಬ್ ತೂತಾಗುತ್ತದೆ. ಎಣ್ಣೆ, ಡೀಸೆಲ್ ಕೂಡ ಬೇಡ, ರಬ್ಬರ್ ಹಾಳಾಗುತ್ತದೆ.

ನಮ್ಮ ಬಿಸಿಲನ್ನೂ ಬಳಸಿಕೊಳ್ಳಿ. ಹೊಸ ಟೈರನ್ನು ಅರ್ಧ ಗಂಟೆ ಬಿಸಿಲಲ್ಲಿಟ್ಟರೆ ಮೆತ್ತಗಾಗಿ ಹೇಳಿದ ಹಾಗೆ ಬಗ್ಗುತ್ತದೆ.

ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಹಿಂದಿನ ಚಕ್ರವಾದರೆ ಬ್ರೇಕ್ ರಾಡ್, ಬ್ರೇಕ್ ಪ್ಲೇಟ್ ಹಿಡಿದ ಪಟ್ಟಿ, ಆಕ್ಸಲ್ ನಟ್ ಬಿಚ್ಚಿ ಆಕ್ಸಲ್ ಎಳೆಯಿರಿ. ಆಕ್ಸಲ್ ಮೇಲಿನ ಬುಶ್‌ಗಳು (ಚಕ್ರದ ಪಕ್ಕ ಕೂರುವ ಸಣ್ಣ ಕೊಳವೆ ತುಂಡುಗಳು) ಯಾವ ಕಡೆ ಇದ್ದವು ಅಂತ ಮೊಬೈಲಲ್ಲಿ ಫೋಟೊ ತೆಗೆದಿಡಿ. ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದ್ದರೆ ಗೋಣಿಚೀಲ ಹಾಸಿ ಅದರ ಮೇಲೆ ಚಕ್ರ ಮಲಗಿಸಿ.

ವಾಲ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ವಾಲ್ ನಟ್ ಬಿಚ್ಚಿ. ಟೈರಿನ ಅಂಚನ್ನು ಹಿಮ್ಮಡಿಯಿಂದ ತುಳಿಯುತ್ತಾ ಸುತ್ತಲೂ ಒಳಗೆ ಇಳಿಸಿ. ಎರಡೂ ಕಡೆ ಹೀಗೆ ಮಾಡಿ.

ಇಡೀ ಕೆಲಸದ ಗುಟ್ಟು ಇರುವುದು ಮುಂದಿನ ಹಂತದಲ್ಲಿ. ಟೈರಿನ ಅಂಚಿನೊಳಗೆ ಉಕ್ಕಿನ ತಂತಿ ಇದೆ, ಅದು ಹಿಗ್ಗುವುದಿಲ್ಲ. ಆದರೆ ರಿಮ್ಮಿನ ನಡುಭಾಗ ತಗ್ಗಾಗಿದೆ. ಲಿವರ್ ಹಾಕಿದ ಜಾಗಕ್ಕೆ ಎದುರಿನ ಅಂಚನ್ನು ಮೊಣಕಾಲಿಂದ ಒತ್ತಿ ಆ ತಗ್ಗಿಗೆ ಇಳಿಸಿದರೆ ಈ ಕಡೆ ಸಡಿಲ ಸಿಗುತ್ತದೆ. ವಾಲ್ ಹತ್ತಿರ ಶುರು ಮಾಡಿ, ಎರಡೆರಡು ಇಂಚು ಮಾತ್ರ ಎತ್ತುತ್ತಾ ಹೋಗಿ. ಲಿವರ್ ಬಗ್ಗುವಷ್ಟು ಬಲ ಬೇಕಾಯಿತು ಅಂದರೆ ಎದುರಿನ ಅಂಚು ತಗ್ಗಿನಿಂದ ಮೇಲೆ ಬಂದಿದೆ ಅಂತಲೇ ಅರ್ಥ. ನಿಲ್ಲಿಸಿ, ಮತ್ತೆ ಒತ್ತಿ, ಸೋಪಿನ ನೀರು ಹಚ್ಚಿ. ಒಂದು ಅಂಚು ಹೊರಬಂದ ಮೇಲೆ ಟ್ಯೂಬ್ ಎಳೆದು, ಇನ್ನೊಂದು ಅಂಚನ್ನೂ ಅದೇ ಕಡೆಯಿಂದ ತೆಗೆಯಿರಿ.

ರಿಮ್ಮಿನ ಒಳಗೆ ಸ್ಪೋಕ್ ತುದಿ ಮುಚ್ಚುವ ರಬ್ಬರ್ ಪಟ್ಟಿ ಹರಿದಿದ್ದರೆ ಬದಲಿಸಿ. ಬರೀ ಪಂಚರ್ ತೆಗೆದು ಹಳೆ ಟೈರನ್ನೇ ಹಾಕುವವರು ಅದರ ಒಳಮೈಯಲ್ಲಿ ಬಟ್ಟೆ ಆಡಿಸಲೇಬೇಕು. ಮುರಿದ ಜಾಲಿ ಮುಳ್ಳಿನ ತುದಿ ಕಣ್ಣಿಗೆ ಕಾಣುವುದಿಲ್ಲ, ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಬೆರಳು ಆಡಿಸಬೇಡಿ.

ಹೊಸ ಟೈರಿನ ಬಾಣದ ಗುರುತು ಚಕ್ರ ಮುಂದೆ ತಿರುಗುವ ದಿಕ್ಕಿಗಿರಲಿ. ಹಳದಿ ಚುಕ್ಕೆ ಇದ್ದರೆ ಅದು ವಾಲ್ ಹತ್ತಿರ ಬರಲಿ. ಮೊದಲ ಅಂಚು ಕೈಯಿಂದಲೇ ಹೆಚ್ಚುಕಡಿಮೆ ಕೂರುತ್ತದೆ. ಟ್ಯೂಬಿಗೆ ಗುಂಡಗಾಗುವಷ್ಟು ಮಾತ್ರ ಗಾಳಿ ತುಂಬಿ, ಪೌಡರ್ ಸವರಿ ಒಳಗಿಡಿ. ಎರಡನೇ ಅಂಚನ್ನು ವಾಲಿನ ಎದುರಿಂದ ಶುರು ಮಾಡಿ ವಾಲ್ ಹತ್ತಿರ ಮುಗಿಸಿ. ಕೊನೆಯ ತುಂಡು ಏರಿಸುವ ಮೊದಲು ವಾಲನ್ನು ಒಳಗೆ ತಳ್ಳಿ, ಟ್ಯೂಬ್ ಲಿವರಿಗೆ ಸಿಗದಂತೆ. ಬಹಳಷ್ಟು ಹೊಸ ಟ್ಯೂಬುಗಳು ಹರಿಯುವುದು ಇಲ್ಲೇ.

ಗಾಳಿ ತುಂಬುವಾಗ ರಿಮ್ಮಿನ ಪಕ್ಕ ಟೈರ್ ಮೇಲಿರುವ ಸಣ್ಣ ಗೆರೆ ನೋಡಿ. ಸುತ್ತಲೂ ಒಂದೇ ಅಂತರದಲ್ಲಿ ಕಾಣಬೇಕು. ಎಲ್ಲಾದರೂ ಒಳಗೆ ಹೋಗಿದ್ದರೆ ಗಾಳಿ ಬಿಟ್ಟು, ಸೋಪು ಹಚ್ಚಿ ಮತ್ತೆ ತುಂಬಿ. ಟೈರ್ ಮೇಲೆ ಬರೆದ ಗರಿಷ್ಠ ಒತ್ತಡ ದಾಟಬೇಡಿ.

ಚಕ್ರ ಕೂರಿಸುವಾಗ ಚೈನ್ ಅಡ್ಜಸ್ಟರ್ ಗುರುತು ಎರಡೂ ಕಡೆ ಸಮ ಇರಲಿ. ಬ್ರೇಕ್ ಪ್ಲೇಟಿನ ಪಟ್ಟಿ ಮರೆತು ಗಾಡಿ ಓಡಿಸಿದರೆ ಬ್ರೇಕ್ ಹಿಡಿದಾಗ ಚಕ್ರವೇ ಲಾಕ್ ಆಗಬಹುದು, ಪ್ರಾಣಕ್ಕೆ ಅಪಾಯ. ಅದನ್ನು ಬಿಗಿ ಮಾಡಿ, ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಹೊಸದು ಹಾಕಿ. ಗಾಡಿ ಮುಂದೆ ಹೋಗುವ ಮೊದಲೇ ಬ್ರೇಕ್ ಪೆಡಲ್ ಒತ್ತಿ ನೋಡಿ.

ಮರುದಿನ ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಗಾಳಿ ಅಳೆದು ನಿಮ್ಮ ಗಾಡಿಯ ಪುಸ್ತಕದಲ್ಲಿರುವಷ್ಟಕ್ಕೆ ಸರಿ ಮಾಡಿ. ಬಿಸಿಲಲ್ಲಿ ಅಳೆದರೆ ಲೆಕ್ಕ ಜಾಸ್ತಿ ತೋರಿಸುತ್ತದೆ. ಹೊಸ ಟೈರಿನ ಮೈ ಜಾರುತ್ತದೆ, ಮೊದಲ 100 ಕಿಲೋಮೀಟರ್ ತಿರುವುಗಳಲ್ಲಿ ನಿಧಾನವಾಗಿ ಹೋಗಿ.